ರುಚಿ ನೋಡದೆ ಮಾಡಿದ ಇಟಲಿ ಅಡುಗೆ

ಹೋದ ವರ್ಷದ ಬೇಸಿಗೆಯ ಒಂದು ಶನಿವಾರ, ಸಂಜೆ ಏಳು ಗಂಟೆ ಐವತ್ತು ನಿಮಿಷಕ್ಕೆ, ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಉತ್ತರದ ತುದಿಯಲ್ಲಿ ನಾನು ನಿಂತಿದ್ದೆ. ಬಲಗೈಯಲ್ಲಿ ಸೌಟು ಇತ್ತು. ಕರೆಂಟು ಹೋಗಿರಲಿಲ್ಲ, ಟ್ಯೂಬ್‌ಲೈಟು ನೇರ ತಲೆಯ ಮೇಲೆ ಉರಿಯುತ್ತಿತ್ತು. ಕನ್ನಡಕ ಹಾಕಿಕೊಂಡಿದ್ದೆ. ನಾನು ನಿಂತ ಜಾಗದಿಂದ ನನ್ನ ಗೆಳೆಯ ಕೂತ ಕುರ್ಚಿಗೆ ನಾಲ್ಕೂವರೆ ಅಡಿ. ಇದು ಅಂದಾಜಲ್ಲ. ಮರುದಿನ ಬೆಳಿಗ್ಗೆ ಟೇಪು ಹಿಡಿದು ಅಳೆದಿದ್ದೇನೆ. ಕಸ ಗುಡಿಸುತ್ತಿದ್ದ ಹೆಂಡತಿ ನೋಡಿದಳು, ಏನು ಎಂದು ಕೇಳಲಿಲ್ಲ. ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಊರವರ ಹೊಲ ಅಳೆದವನ ಹೆಂಡತಿಗೆ ಇಂಥದ್ದು ಹೊಸದಲ್ಲ.

ಅಳತೆಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಆ ಸಂಜೆಯ ಮಾತು ತೆಗೆದರೆ ನನಗೆ ಈಗಲೂ ಎದೆ ಸ್ವಲ್ಪ ಅಲುಗುತ್ತದೆ. ಅಡಿ, ಇಂಚು ಹಿಡಿದುಕೊಂಡರೆ ನಿಲ್ಲುತ್ತದೆ.

ಗೆಳೆಯನ ವಿಷಯ ಮೊದಲು ಹೇಳಬೇಕು. ಅವನೂ ನಮ್ಮ ಇಲಾಖೆಯವನೇ. ನಾನು ಹೊಲ ಅಳೆದು ತಂದ ಲೆಕ್ಕ ನೋಡಿ ನಕ್ಷೆ ಬರೆಯುವುದು ಅವನ ಕೆಲಸ. ಬರೆಯುವ ಮೊದಲು ನನ್ನ ಪುಸ್ತಕ ಎಳೆದುಕೊಂಡು, 'ತಾ ಇಲ್ಲಿ, ನೋಡ್ತೀನಿ' ಎನ್ನುತ್ತಿದ್ದ. ತಪ್ಪು ಸಿಕ್ಕ ದಿನ ಅವನಿಗೆ ಹಬ್ಬ. ವಾರಕ್ಕೆ ಒಂದು ಹಬ್ಬವಾದರೂ ನಾನು ಒದಗಿಸುತ್ತಿದ್ದೆ. ಮಧ್ಯಾಹ್ನ ಒಂದೇ ಮೇಜಿನ ಮೇಲೆ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಅವನ ಕಡೆಗೆ ಹೋಗುತ್ತಿತ್ತು. ಅವನ ಡಬ್ಬಿಯಿಂದ ನನ್ನ ಕಡೆಗೆ ಬರಬಹುದಾದದ್ದು ಮೊಸರು ಮಾತ್ರ. ಅವನು ತಿನ್ನುವ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ತಂಬಾಕು ಜಗಿಯುವ ಸದ್ದೂ ಕೇಳುತ್ತಿತ್ತು.

ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಮರುವರ್ಷ ಅವನ ಬಾಯಲ್ಲಿ ಹುಣ್ಣು ಕಂಡಿತು. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಬಲಗಡೆಯ ಕೆಳದವಡೆ ಒಂದಷ್ಟು ತೆಗೆದರು. ಜೀವ ಉಳಿಯಿತು. ಬಾಯಿ ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು, ತುಟಿಯ ಬಲಮೂಲೆ ಪೂರ್ತಿ ಮುಚ್ಚುತ್ತಿರಲಿಲ್ಲ. ಖಾರ ಇಲ್ಲ, ಗಟ್ಟಿ ಇಲ್ಲ, ರೊಟ್ಟಿ ಇಲ್ಲ.

ಆಸ್ಪತ್ರೆಯಿಂದ ಬಂದ ಎರಡನೆಯ ವಾರ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ, ಅಂದರೆ ನಮ್ಮ ಭಾಬಿ, ಇಬ್ಬರಿಗೂ ಗಂಜಿ ತಂದುಕೊಟ್ಟರು. ಅವನು ಕುಡಿದ. ಬಲಮೂಲೆಯಿಂದ ಗಂಜಿ ಇಳಿದು ಗಲ್ಲಕ್ಕೆ ಬಂತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಒಂದು ನೀರಿನ ಟ್ಯಾಂಕಿ ಇತ್ತು. ಅದನ್ನೇ ನೋಡುತ್ತ ಈ ಸಲದ ತೊಗರಿಯ ಬಗ್ಗೆ ಏನೋ ಮಾತಾಡಿದೆ. ತಿರುಗಿ ನೋಡಿದಾಗ ಅವನು ಬಟ್ಟಲು ಕೆಳಗಿಟ್ಟಿದ್ದ, ಮುಖ ಒರೆಸಿಕೊಂಡಿದ್ದ. ಅಂದಿನಿಂದ ಅವನು ಯಾರ ಎದುರೂ ಉಣ್ಣಲಿಲ್ಲ. ಅಂದಿನಿಂದಲೇ ಎಂದು ನಾನು ಹೇಳುತ್ತೇನೆ. ಭಾಬಿ ಹಾಗೆ ಹೇಳಿಲ್ಲ. ಅವರು ಒಳ್ಳೆಯವರು.

ಎಂಟು ತಿಂಗಳ ನಂತರ ಭಾಬಿ ನಮ್ಮ ಮನೆಗೆ ಬಂದರು. ಮಗಳ ಶಾದಿ ಗೊತ್ತಾಗಿತ್ತು, ಎರಡು ತಿಂಗಳಷ್ಟೇ ಉಳಿದಿತ್ತು. ಗಂಡಿನ ಕಡೆಯವರ ಜೊತೆ ಹುಡುಗಿಯ ತಂದೆ ಕೂತು ಉಣ್ಣಬೇಕು. ಇವನು ಕೂಡುವುದಿಲ್ಲ ಎಂದಿದ್ದಾನೆ. ನಿಕಾಹ್ ಆದಮೇಲೆ ಮನೆಗೆ ಹೋಗಿ ಮಲಗುತ್ತೇನೆ, ಹುಷಾರಿಲ್ಲ ಅಂತ ಹೇಳಿ ಎಂದಿದ್ದಾನೆ. ಬೀಗರು ಇದನ್ನು ಹೇಗೆ ತಿಳಿಯುತ್ತಾರೆ? ಮಗಳು ಒಳಗೊಳಗೇ ಅಳುತ್ತಿದ್ದಾಳೆ.

'ನನ್ನೂ ಹೊರಗ ಕಳಸಿ ಚಿಲಕ ಹಾಕ್ಕೋತಾರ್ರೀ ಭಾಯಿಸಾಬ್,' ಅಂದರು. 'ಮೂವತ್ತು ವರ್ಷ ನಿಮ್ಮ ಜೋಡಿ ಉಂಡಾರ. ನೀವು ಕರದ್ರ ಬರ್ತಾರ.'

ನನಗೆ ಟ್ಯಾಂಕಿ ನೆನಪಾಯಿತು. ಕರೆಯುತ್ತೇನೆ ಅಂದೆ.

ಕರೆದು ಏನು ಬಡಿಸುವುದು? ನಮ್ಮ ಕಡೆಯ ಅಡುಗೆಯಲ್ಲಿ ಖಾರ ಬಿಟ್ಟರೆ ಉಳಿಯುವುದು ಗಟ್ಟಿ. ಕುಸನೂರ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಮಗಳು, ಪಾಸ್ತಾ ಮಾಡಿ ಅಂದಳು, ಮೆತ್ತಗೆ, ಖಾರವಿಲ್ಲ. ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಇಟಲಿಯ ಒಬ್ಬ ಮುದುಕಿ ಹಿಟ್ಟು ನಾದಿ, ಎಳೆ ಎಳೆಯಾಗಿ ಕೊಯ್ದು ಕೋಲಿನ ಮೇಲೆ ಒಣಹಾಕುತ್ತಿದ್ದಳು. ನಾನು ಒಮ್ಮೆಗೇ ಅಂದೆ, ಇದು ನಮ್ಮ ಶಾವಿಗೆ, ಅವನ ಮನೆಯ ಈದಿನ ಶಾವಿಗೆಯೂ ಇದೇ. ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ ಎಂದು ಮಗಳು ಎರಡು ಸಲ ಹೇಳಿದಳು. ಎಂಟು ತಿಂಗಳು ಯಾರ ಜೊತೆಯೂ ಉಣ್ಣದ ಗೆಳೆಯನಿಗೆ ಪೊಟ್ಟಣ ಕುದಿಸಿ ಹಾಕುವುದೆ ಎಂದು ಭಾಷಣ ಮಾಡಿದೆ. ಅಲ್ಲಿಯವರೆಗೆ ನನ್ನ ಅಡುಗೆಯ ಅನುಭವ ಚಹಾ, ಮತ್ತು ಹೆಂಡತಿಗೆ ಟೈಫಾಯ್ಡ್ ಆದಾಗ ನಾಲ್ಕು ದಿನದ ಅನ್ನ.

ನನ್ನ ಅಕ್ಕ ಕಮಲಾಪುರದಲ್ಲಿರುತ್ತಾಳೆ. ಅವಳ ಬಳಿ ಕೈಯಿಂದ ತಿರುಗಿಸುವ ಶಾವಿಗೆ ಮಷೀನಿದೆ. ಶಾವಿಗೆಯ ಕಾಲವೂ ಅದೇ. ಬುಧವಾರ ಬೆಳಗಿನ ಬಸ್ಸಿಗೆ ಹೋದೆ. ದಪ್ಪ ತೂತಿನ ಬಿಲ್ಲೆ ಹಾಕಬೇಕೆಂದೆ, ಉಪ್ಪು ಹಾಕಬೇಕೆಂದೆ, ಎಳೆ ಹನ್ನೆರಡು ಇಂಚು ಇರಬೇಕೆಂದೆ. ಅಕ್ಕ ಹಿಟ್ಟು ನಾದುತ್ತ ತಲೆಯೆತ್ತದೆ ಕೇಳಿದಳು:

'ಶಾವಿಗಿ ಅಳದು ಯಾವ ಸರಕಾರಕ್ಕ ವರದಿ ಕೊಡ್ತೀ?'

ನಾನು ಹಿಡಿಕೆ ತಿರುಗಿಸಿದೆ. ಅವಳು ಎಳೆ ಹಿಡಿದು ಕೋಲಿಗೆ ಹಾಕಿದಳು. ನನ್ನ ತಿರುಗಿಸುವ ವೇಗ ಒಂದೇ ಸಮನಿರಲಿಲ್ಲವಾದ್ದರಿಂದ ಕೆಲವು ಎಳೆ ಹಗ್ಗದಂತೆ, ಕೆಲವು ದಾರದಂತೆ ಬಂದವು. ಒಂದೂ ಹನ್ನೆರಡು ಇಂಚು ಇರಲಿಲ್ಲ. ಕೆಲವು ಎರಡು ಅಡಿ ದಾಟಿದವು. ಕತ್ತರಿಸಲು ಹೋದಾಗ ಅಕ್ಕ ಕೈ ಹಿಡಿದಳು. ಶಾವಿಗೆ ತುಂಡು ಮಾಡುವುದು ಅವಳಿಗೆ ಸರಿ ಬರುವುದಿಲ್ಲ. ಶನಿವಾರ ಬೆಳಿಗ್ಗೆ ಅವಳೇ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು, ಜೊತೆಗೆ ಒಂದು ಗೊನೆ ಕೆಂಪು ಬಾಳೆ. ಮಹಾಗಾಂವದಲ್ಲಿ ಹತ್ತಿದವನೊಬ್ಬ ಬುಟ್ಟಿಯ ಮೇಲೆ ಚೀಲ ಇಡಲು ಬಂದನಂತೆ. ಅವನಿಗೆ ಅವಳು ಏನಂದಳೆಂದು ವಿವರವಾಗಿ ಹೇಳಿದಳು, ಇಲ್ಲಿ ಬರೆಯುವುದಿಲ್ಲ.

ಸಂಜೆ ನಾಲ್ಕಕ್ಕೆ ನಾನು ಅಡುಗೆಮನೆಗೆ ಇಳಿದೆ. ಹೆಂಡತಿಯನ್ನು ಹೊರಗೆ ಕೂಡಿಸಿದೆ. ಟೊಮ್ಯಾಟೊ ಕುದಿಸಿ, ಸಿಪ್ಪೆ ತೆಗೆದು, ಹಿಸುಕಿ ಒಲೆಯ ಮೇಲೆ ಇಟ್ಟೆ. ಅಕ್ಕನ ಎದುರು ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಮಾತಿಲ್ಲ. ಮಗಳು ಎಂದೋ ತರಿಸಿದ್ದ ಪಿಜ್ಜಾದ ಜೊತೆ ಬಂದ ಒಣಸೊಪ್ಪಿನ ಸಣ್ಣ ಪೊಟ್ಟಣಗಳು ಡ್ರಾಯರಿನಲ್ಲಿದ್ದವು. ಒಂಬತ್ತು ಒಡೆದು ಹಾಕಿದೆ. ಇಟಲಿಯಿಂದ ನಮ್ಮ ಮನೆಗೆ ಬಂದು ತಲುಪಿದ್ದು ಅಷ್ಟೇ. ಚೀಸ್ ತುರಿದು ಇಟ್ಟುಕೊಂಡೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ನಮ್ಮಮ್ಮ, ಅಕ್ಕ, ನನ್ನ ಹೆಂಡತಿ ಇಡೀ ಜನ್ಮ ಹಾಗೆಯೇ ಅಡುಗೆ ಮಾಡಿದವರು. ಕಣ್ಣಿನಿಂದ, ವಾಸನೆಯಿಂದ, ಕುದಿಯುವ ಸದ್ದಿನಿಂದ ಅವರಿಗೆ ಉಪ್ಪು ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ನಂಬಲು ಆಧಾರ ಮಾತ್ರ ಯಾವುದೂ ಇರಲಿಲ್ಲ.

ಏಳು ಗಂಟೆ ಹತ್ತಕ್ಕೆ ಶಾವಿಗೆಯನ್ನು ಕುದಿಯುವ ನೀರಿಗೆ ಬಿಟ್ಟೆ. ಆಗಲೇ ಹೊರಗೆ ಆಟೋ ನಿಂತ ಸದ್ದು. ಬಸಿದು, ಅಂಟದ ಹಾಗೆ ಒಂದಿಷ್ಟು ಎಣ್ಣೆ ಸವರಿಡು ಎಂದು ಅಕ್ಕನಿಗೆ ಹೇಳಿ ಹೊರಗೆ ಓಡಿದೆ. ಭಾಬಿ ಇಳಿದಿದ್ದರು. ಗೆಳೆಯ ಆಟೋದಲ್ಲೇ ಕೂತಿದ್ದ. ಬಾಯಿಗೆ ಬಿಳಿ ಕರವಸ್ತ್ರ. ಬಾಗಿಲವರೆಗೆ ಬರುತ್ತೇನೆಂದು ಭಾಬಿಗೆ ಮಾತು ಕೊಟ್ಟಿದ್ದ, ಬಂದಾಗಿತ್ತು, ಇನ್ನು ಹೋಗುತ್ತಾನಂತೆ. ನಾನು ಒಳಗೆ ಬಾ ಎಂದು ಹೇಳಿದ್ದನ್ನೇ ಹೇಳಿದೆ. ಹೆಂಡತಿ ಬಂದು ಭಾಬಿಯನ್ನು ಒಳಗೆ ಕರೆದುಕೊಂಡು ಹೋದಳು. ಕೊನೆಗೆ ಆಟೋದವನು, ತನಗೆ ಸೂಪರ್ ಮಾರ್ಕೆಟ್ಟಿನಲ್ಲಿ ಇನ್ನೊಂದು ಬಾಡಿಗೆ ಇದೆ, ಸಾಹೇಬರು ಏನಾದರೂ ಒಂದು ತೀರ್ಮಾನ ಮಾಡಬೇಕು ಎಂದ. ಅವನ ಮಾತಿಗೆ ಗೆಳೆಯ ಇಳಿದ. ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು.

ಆ ಇಪ್ಪತ್ತು ನಿಮಿಷದಲ್ಲಿ ಅಡುಗೆಮನೆಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಅಕ್ಕ ಆಮೇಲೆ ಹೇಳಿದ್ದನ್ನು ಬರೆಯುತ್ತೇನೆ. ಅವಳು ಶಾವಿಗೆ ಬಸಿದಳು. ಮನೆಗೆ ಅತಿಥಿಗಳು ಬಂದಿದ್ದಾರೆ, ನೈವೇದ್ಯ ಆಗಿಲ್ಲ. ಪೊಟ್ಟಣದ ಸೊಪ್ಪು ಬಿದ್ದ ಕೆಂಪು ಗೊಜ್ಜನ್ನಂತೂ ದೇವರ ಮುಂದೆ ಇಡುವಂತಿಲ್ಲ. ಉಳಿದದ್ದು ಶಾವಿಗೆ. ಬರಿಯ ಬಸಿದ ಶಾವಿಗೆಯನ್ನು ಇಡುವುದು ಹೇಗೆ? ಹದವಾಗಿ ತುಪ್ಪ ಬಿಟ್ಟಳು, ಸಕ್ಕರೆ ಹಾಕಿದಳು, ಏಲಕ್ಕಿ ಪುಡಿ ಉದುರಿಸಿ ಕಲಸಿದಳು, ತುಳಸಿ ಇಟ್ಟು ನೈವೇದ್ಯ ಮಾಡಿದಳು. ಬೇರೆ ಬಟ್ಟಲಿಗೆ ತೆಗೆಯಲಿಲ್ಲ, ಇಡೀ ಪಾತ್ರೆಯನ್ನೇ ಇಟ್ಟಳು. ಆಮೇಲೆ ತಂದು ಕಟ್ಟೆಯ ಮೇಲೆ ಇಟ್ಟು, ದೇವರ ಮನೆಯಲ್ಲಿ ಕೂತು ಜಪಕ್ಕೆ ತೊಡಗಿದಳು.

ನಾನು ಬಂದು ನೋಡಿದೆ. ಎಳೆಗಳು ಹೊಳೆಯುತ್ತಿದ್ದವು. ಎಣ್ಣೆ ಸವರಿದ್ದಾಳೆ, ಹೇಳಿದ ಹಾಗೆ ಮಾಡಿದ್ದಾಳೆ ಎಂದು ಸಮಾಧಾನವಾಯಿತು. ಏಲಕ್ಕಿಯ ವಾಸನೆ ಬಂತು. ದೇವರ ಮನೆಯ ಕಡೆಯಿಂದ ಅಂದುಕೊಂಡೆ. ಅರ್ಧವನ್ನು ಎರಡನೆಯ ಸರದಿಗೆ ಇಟ್ಟು, ಇನ್ನರ್ಧದ ಮೇಲೆ ಟೊಮ್ಯಾಟೊ ಗೊಜ್ಜು ಸುರಿದು, ಚೀಸ್ ಹರಡಿ, ಮೇಜಿಗೆ ತಂದೆ.

ಮೇಜಿನ ಸುತ್ತ ಯಾರು ಎಲ್ಲಿ ಕೂಡಬೇಕೆಂದು ಬೆಳಿಗ್ಗೆಯೇ ಕಾಗದದ ಮೇಲೆ ಬರೆದಿದ್ದೆ. ಗೆಳೆಯನ ಕುರ್ಚಿಯನ್ನು ಮೂಲೆಗೆ ಸರಿಸಿ, ಬಲಗೆನ್ನೆ ಗೋಡೆಯ ಕಡೆ ಬರುವಂತೆ ಇಟ್ಟಿದ್ದೆ. ಯಾರಿಗೂ ಕಾಣದಿರಲಿ ಎಂದು. ಇದು ನನ್ನ ಸೂಕ್ಷ್ಮ ಬುದ್ಧಿ ಎಂದು ನನಗೆ ಹೆಮ್ಮೆಯಿತ್ತು. ಅವನು ಬಾಗಿಲಲ್ಲಿ ನಿಂತು ಕುರ್ಚಿ ನೋಡಿದ, ಗೋಡೆ ನೋಡಿದ. ಮೂವತ್ತು ವರ್ಷ ನಕ್ಷೆ ಓದಿದವನು.

'ನನ್ನ ಗ್ವಾಡಿಗಿ ಕೂಡಸಾಕತ್ತೀ ಏನು?' ಅಂದ.

ಕುರ್ಚಿಯನ್ನು ಅವನೇ ಎಳೆದು ನನ್ನ ಮಗಳ ಪಕ್ಕ ಹಾಕಿಕೊಂಡು ಕೂತ. ಆದರೆ ತಟ್ಟೆಯ ಮೇಲೆ ಅಂಗೈ ಇಟ್ಟ. ಉಂಡು ಬಂದಿದ್ದಾನಂತೆ, ನಮ್ಮ ಜೊತೆ ಸುಮ್ಮನೆ ಕೂಡುತ್ತಾನಂತೆ. ಕರವಸ್ತ್ರ ಬಾಯಿಯ ಮೇಲೆಯೇ ಇತ್ತು. ಭಾಬಿ ನನ್ನ ಕಡೆ ನೋಡಿದರು. ನನ್ನ ಹತ್ತಿರ ಮುಂದಿನ ಉಪಾಯವಿರಲಿಲ್ಲ. ಉಳಿದ ಮೂವರಿಗೆ ಬಡಿಸಿದೆ: ಭಾಬಿಗೆ, ಹೆಂಡತಿಗೆ, ಮಗಳಿಗೆ.

ಮೊದಲು ಬಾಯಿಗಿಟ್ಟವರು ಭಾಬಿ. ಒಂದು ಕ್ಷಣ ತಡೆದರು. ಅಗಿದು ನುಂಗಿ, ಭಾಳ ಛಲೋ ಆಗಿದೆ, ಹೇಗೆ ಮಾಡಿದಿರಿ ಎಂದು ಕೇಳಿದರು. ಹೆಂಡತಿ ಒಂದು ತುತ್ತು ತಿಂದು ಫ್ಯಾನಿನ ಕಡೆ ನೋಡಿದಳು. ಮಗಳು ನೀರು ಕುಡಿದಳು, ನನ್ನ ಮುಖ ನೋಡಿದಳು, ಮತ್ತೆ ನೀರು ಕುಡಿದಳು. ಇಟಲಿಯವರ ಊಟ ಹೀಗೇ ಇರಬಹುದೆಂದು ಇಬ್ಬರು ನಂಬಿದ್ದರು. ಹೀಗಿರುವುದಿಲ್ಲವೆಂದು ಮಗಳಿಗೆ ಗೊತ್ತಿತ್ತು, ಹೇಳಲಿಲ್ಲ. ಉಂಡ ಮನೆಯ ಅಡುಗೆಗೆ ಹೆಸರಿಡುವವರು ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಆದರೆ ಎರಡು ಅಡಿಯ ಎಳೆಗಳು ಮರ್ಯಾದೆ ಉಳಿಸಲಿಲ್ಲ. ಚಮಚದಿಂದ ಜಾರಿದವು, ಬಾಯಿಯಿಂದ ನೇತಾಡಿದವು, ಮೂವರ ಗಲ್ಲಕ್ಕೂ ಕೆಂಪು ಬಳಿದವು.

ಮೇಜಿನಲ್ಲಿ ಇಷ್ಟು ಮೌನ ಯಾಕೆಂದು ನಾನು ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ತಿಂದೆ. ಏಳು ಗಂಟೆ ಐವತ್ತು ಎಂದು ಮೊದಲಲ್ಲಿ ಹೇಳಿದ್ದು ಈ ಹೊತ್ತು.

ಆ ರುಚಿಯನ್ನು ಸರಿಯಾಗಿ ಹೇಳಬೇಕು. ಮೊದಲು ಹುಳಿ ಬಂತು. ಅದರ ಹಿಂದೆಯೇ ಸಕ್ಕರೆ. ನಡುವೆ ಚೀಸಿನ ಉಪ್ಪು, ಒಣಸೊಪ್ಪಿನ ಕಹಿ. ಎಲ್ಲದರ ಮೇಲೆ, ಮದುವೆ ಮನೆಯ ಬಾಗಿಲಲ್ಲಿ ನಿಂತಂತೆ, ತುಪ್ಪ ಮತ್ತು ಏಲಕ್ಕಿ. ನನ್ನ ಮುಖ ಏನಾಯಿತೋ ನನಗೆ ಕಾಣಲಿಲ್ಲ. ಅವನಿಗೆ ಕಂಡಿತು. ನನ್ನ ಲೆಕ್ಕದಲ್ಲಿ ತಪ್ಪಿದ್ದಾಗ ನನ್ನ ಮುಖ ಹೇಗಿರುತ್ತದೆಂದು ಈ ಭೂಮಿಯ ಮೇಲೆ ಅವನಷ್ಟು ತಿಳಿದವರಿಲ್ಲ.

'ಏನ್ ತಪ್ಪೀದಿ?' ಅಂದ.

'ಏನಿಲ್ಲ.'

'ಏನರೆ ತಪ್ಪೀದಿ. ತಾ ಇಲ್ಲಿ, ನೋಡ್ತೀನಿ.'

ಆಫೀಸಿನಲ್ಲಿ ನನ್ನ ಪುಸ್ತಕ ಎಳೆದುಕೊಳ್ಳುತ್ತಿದ್ದ ಹಾಗೆಯೇ ಪಾತ್ರೆ ಎಳೆದುಕೊಂಡ. ಕರವಸ್ತ್ರ ಮೇಜಿನ ಮೇಲೆ ಬಿತ್ತು. ಇಟ್ಟನೋ, ಜಾರಿತೋ ಹೇಳಲಾರೆ. ಎಡಗೈ ಬೆರಳಿನಿಂದ ತುಟಿಯ ಬಲಮೂಲೆ ಒತ್ತಿ ಹಿಡಿದು, ಬಲಗೈಯಿಂದ ನಾಲ್ಕೈದು ಎಳೆ ಬಾಯೊಳಗೆ ತುರುಕಿಕೊಂಡ. ಒಂದು ಎಳೆ ಹೊರಗೆ ಉಳಿದು ಅಂಗಿಯ ಎರಡನೆಯ ಗುಂಡಿಯವರೆಗೆ ನೇತಾಡುತ್ತಿತ್ತು. ಕಣ್ಣು ಮುಚ್ಚಿ, ತಪ್ಪು ಹುಡುಕುವಾಗಿನ ಮುಖ ಮಾಡಿ, ನಿಧಾನವಾಗಿ ಅಗಿದ. ಕಣ್ಣು ತೆರೆದ.

'ಯಾರ್,' ಅಂದ, 'ಇಟಲಿಯಾಗ ಇವತ್ತ ಈದ್ ಅದ ಏನು?'

ಮೊದಲು ನಕ್ಕವರು ಭಾಬಿ. ದುಪ್ಪಟ್ಟಾ ಬಾಯಿಗೆ ಒಯ್ಯುವಷ್ಟರಲ್ಲಿ ಅವರ ಬಾಯಲ್ಲಿದ್ದ ಶಾವಿಗೆ ತಟ್ಟೆಗೆ ಬಿತ್ತು. ನಂತರ ಮಗಳು. ಅವನೂ ನಗುತ್ತಿದ್ದ. ನಕ್ಕರೆ ಅವನ ಬಾಯಿ ಒಂದೇ ಕಡೆ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಕಡೆ ಅಲ್ಲೇ ಇರುತ್ತದೆ. ಅದನ್ನು ನಾನು ಅಂದೇ ಮೊದಲು ನೋಡಿದ್ದು. ಗದ್ದಲ ಕೇಳಿ ಅಕ್ಕ ದೇವರ ಮನೆಯ ಬಾಗಿಲಿಗೆ ಬಂದು ನಿಂತಳು. ಎಲ್ಲರ ಗಲ್ಲ ನೋಡಿದಳು.

'ಯಾಕ, ಸಕ್ಕರಿ ಕಮ್ಮಿ ಆಗ್ಯಾದೇನು?' ಅಂದಳು.

ವಿಷಯ ಬಿಚ್ಚಿಕೊಂಡ ಮೇಲೆ ಅವಳು ಒಂದು ಮಾತಿನಲ್ಲಿ ತೀರ್ಪು ಕೊಟ್ಟಳು. ಶಾವಿಗೆ ಸರಿಯಾಗಿಯೇ ಇತ್ತು, ನಾನು ಅದರ ಮೇಲೆ ಸಾರು ಸುರಿದು ಕೆಡಿಸಿದೆ. ಎರಡನೆಯ ಸರದಿಗೆಂದು ಇಟ್ಟಿದ್ದನ್ನು ತಂದು, ಗೆಳೆಯ ಮತ್ತೆ ತಟ್ಟೆಯ ಮೇಲಿಟ್ಟಿದ್ದ ಅಂಗೈಯನ್ನು ಇನ್ನೊಂದು ಸೌಟಿನ ತುದಿಯಿಂದ ತಟ್ಟಿ ಸರಿಸಿ, ಬಡಿಸಿದಳು. ಬಿಸಿ ಹಾಲು ಬಿಟ್ಟಳು. 'ಉಣ್ಣು ತಮ್ಮಾ' ಅಂದಳು, ಇಪ್ಪತ್ತು ವರ್ಷ ಕಮಲಾಪುರದಿಂದ ನನ್ನ ಡಬ್ಬಿಗೆ ಶೇಂಗಾ ಹಿಂಡಿ ಕಳಿಸಿದ ಅಧಿಕಾರದಿಂದ.

ಅವನು ಉಂಡ. ಹನ್ನೊಂದು ತುತ್ತು. ಹನ್ನೆರಡನೆಯದರ ಬಗ್ಗೆ ನನಗೆ ಅನುಮಾನವಿದೆ, ಅದರಲ್ಲಿ ಅರ್ಧ ತಟ್ಟೆಗೆ ವಾಪಸು ಬಂತು. ಪ್ರತಿ ತುತ್ತಿಗೂ ಬೆರಳಿನಿಂದ ತುಟಿ ಒತ್ತಿಕೊಳ್ಳಬೇಕು. ಮರೆತಾಗ ಹಾಲು ಬಲಮೂಲೆಯಿಂದ ಗಲ್ಲಕ್ಕೆ, ಗಲ್ಲದಿಂದ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ಭಾಬಿ ಒರೆಸಲು ಕೈ ಚಾಚಿದರು, ಬೇಡವೆಂದು ತಲೆಯಾಡಿಸಿದ. ಕಿಟಕಿ ನನ್ನ ಎಡಕ್ಕಿತ್ತು, ತೆರೆದಿತ್ತು. ನಾನು ಅತ್ತ ತಿರುಗಲಿಲ್ಲ. ತಿರುಗಬೇಕೆಂದು ಕುತ್ತಿಗೆ ಎರಡು ಸಲ ಕೇಳಿತು ಎಂಬುದನ್ನೂ ಬರೆಯುತ್ತೇನೆ.

ಏಳನೆಯ ತುತ್ತಿಗೆ ಅವನು ತಲೆಯೆತ್ತಿದ.

'ನೋಡಾಕತ್ತೀ?'

'ಹೂಂ.'

'ನೋಡು,' ಅಂದ. ಮತ್ತೆ ತಟ್ಟೆಗೆ ಬಗ್ಗಿದ.

ಆ ಒಂದು ಮಾತಿಗೆ ನಾನು ಕೈಯ ಸೌಟನ್ನು ಪಾತ್ರೆಗೆ ಇಡುವ ಬದಲು ಮೇಜಿನ ಮೇಲೇ ಇಟ್ಟೆ. ಎರಡು ಹನಿ ಟೊಮ್ಯಾಟೊ ಮೇಜುಬಟ್ಟೆಗೆ ಬಿತ್ತು. ಅದನ್ನು ಹೆಂಡತಿ ಗಮನಿಸಿದಳು, ಏಕೆಂದರೆ ಬಟ್ಟೆ ಒಗೆಯುವವಳು ಅವಳು.

ಊಟ ಮುಗಿದು ಕೈತೊಳೆಯಲು ಏಳುವಾಗ ಅವನು ಭಾಬಿಗೆ ಮನೆಮಾತಿನಲ್ಲಿ ಹೇಳಿದ, ಅದು ನಮಗೂ ಅರ್ಥವಾಯಿತು: ಶಾದಿಯಲ್ಲಿ ತನಗೆ ಬಿರಿಯಾನಿ ಬೇಡ, ಒಂದು ಬಟ್ಟಲು ಶಾವಿಗೆ ಮಾಡಿಸಿಡು, ಬೀಗರ ಪಕ್ಕ ಕೂಡುತ್ತೇನೆ. ಭಾಬಿ ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದರು. ಅವು ಈಗಾಗಲೇ ಒಂದರ ಮೇಲೊಂದಿದ್ದವು. ಮತ್ತೆ ತೆಗೆದು ಮತ್ತೆ ಇಟ್ಟರು.

ಟೊಮ್ಯಾಟೊ ಸುರಿದ ಅರ್ಧ ಪಾತ್ರೆ ಹಾಗೇ ಉಳಿಯಿತು. ಮರುದಿನ ಬೆಳಿಗ್ಗೆ ಮನೆಯ ಮುಂದೆ ಬರುವ ಎಮ್ಮೆಗೆ ಇಟ್ಟೆ. ಮೂಸಿತು, ನನ್ನನ್ನು ನೋಡಿತು, ಹೋಯಿತು. ಆ ಅಡುಗೆಯ ಬಗ್ಗೆ ನನಗೆ ಮುಖದ ಮೇಲೆ ನಿಜ ಹೇಳಿದವರಲ್ಲಿ, ಗೆಳೆಯ ಮತ್ತು ಅಕ್ಕನ ನಂತರ, ಅದು ಮೂರನೆಯದು.

ಶಾದಿಯಲ್ಲಿ ಅವನು ಬೀಗರ ಪಕ್ಕ ಕೂತ. ಅದನ್ನು ಇಡೀ ಹಾಲ್ ತುಂಬ ಜನ ನೋಡಿದ್ದಾರೆ, ನನ್ನ ಮಾತು ಬೇಕಿಲ್ಲ. ನಾನು ಹೇಳುತ್ತಿರುವುದು ಅದಕ್ಕೂ ಮೊದಲಿನ ಆ ಶನಿವಾರದ್ದು, ನಾಲ್ಕೂವರೆ ಅಡಿ ದೂರದಿಂದ ಕಂಡದ್ದು. ನಾನು ತಪ್ಪಿದ್ದರೆ ತಿದ್ದುವವರು ಇದ್ದಾರೆ. ಅಕ್ಕ ಈ ಮಾಘದಲ್ಲಿ ಕಮಲಾಪುರದಲ್ಲೇ ತೀರಿಕೊಂಡಳು. ಸಾರು ಸುರಿದ ನನ್ನದೇ ತಪ್ಪು ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ನನ್ನ ಹೆಂಡತಿ ಇದ್ದಾಳೆ, ಮೇಜಿನ ಪೂರ್ವಕ್ಕೆ ಕೂತಿದ್ದಳು. ಮಗಳು ಇದ್ದಾಳೆ, ಅವನ ಎಡಕ್ಕೆ ಕೂತಿದ್ದಳು. ಅವನೂ ಇದ್ದಾನೆ, ಹದಿನಾಲ್ಕು ತುತ್ತು ಎನ್ನುತ್ತಾನೆ. ಭಾಬಿ ಇದ್ದಾರೆ. ಅವರು ಎದುರಿಗೇ ಕೂತಿದ್ದರು, ಆದರೆ ಎಣಿಸಲಿಲ್ಲವಂತೆ.